ಒಂಬತ್ತನೇ ಗುಂಪಿನ ಎಡಬಲ

ನಮ್ಮ ಅತ್ತಿಗೆಯ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಇದ್ದಾರೆ. ಅವಳ ಗಂಡ ಇದ್ದಾನೆ, ಅಂದರೆ ನಮ್ಮಣ್ಣ. ಆದರೆ ಅವನು ಲಿಫ್ಟ್ ರಿಪೇರಿ ಮಾಡುವವನು. ಮೇಲೆ, ಕೆಳಗೆ ಬಿಟ್ಟರೆ ಮೂರನೇ ದಿಕ್ಕು ಅವನಿಗೆ ಗೊತ್ತಿಲ್ಲ. ಅವಳ ಜೊತೆ ಕೆಲಸ ಮಾಡುವವರು ಇದ್ದಾರೆ, ಆದರೆ ಅವರು ಬರೆದರೆ ಮೊದಲ ಪುಟದಲ್ಲೇ ಮೂರು ನಕ್ಷೆ ಬರುತ್ತವೆ. ಹಾಗಾಗಿ ಆ ಕೆಲಸ ನನ್ನ ತಲೆಗೇ ಬಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ, ಬರೆಯುವಾಗಲೂ ಅದು ಅಲ್ಲೇ ಕೂತಿರುತ್ತದೆ. ಓದುವವರು ಸ್ವಲ್ಪ ಸುಧಾರಿಸಿಕೊಳ್ಳಬೇಕು.

ಅತ್ತಿಗೆ ನನಗಿಂತ ಆರು ತಿಂಗಳು ಚಿಕ್ಕವಳು. ಅಣ್ಣನ ಹೆಂಡತಿ ಅನ್ನುವ ಒಂದೇ ಕಾರಣಕ್ಕೆ ಅವಳು ಅತ್ತಿಗೆ, ನಾನು ನಾದಿನಿ. ಮೊದಲ ವಾರ ನಾನು ಅವಳಿಗೆ ಬಹುವಚನ ಹಚ್ಚುತ್ತಿದ್ದೆ. ಎರಡನೇ ವಾರ ಬಚ್ಚಲು ಮನೆಗೆ ಯಾರು ಮೊದಲು ಅನ್ನುವ ಜಗಳದಲ್ಲಿ ಅದು ಬಿದ್ದುಹೋಯಿತು, ಇಬ್ಬರೂ ಎತ್ತಿಕೊಳ್ಳಲು ಹೋಗಲಿಲ್ಲ.

ಅವಳು ಎಂಥವಳು ಅನ್ನುವುದು ಆ ಎರಡನೇ ವಾರದಲ್ಲೇ ಗೊತ್ತಾಯಿತು. ಒಂದು ಭಾನುವಾರ ನಾನು ಎದ್ದು ಬಂದು ನೋಡಿದರೆ ಅಡುಗೆಮನೆಯ ಡಬ್ಬಿಗಳೆಲ್ಲ ನೆಲದ ಮೇಲೆ. ಅತ್ತಿಗೆ ಅವುಗಳ ನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾಳೆ. ಎಲ್ಲಕ್ಕಿಂತ ಹೆಚ್ಚು ಹೋಲುವ ಎರಡು ಡಬ್ಬಿ ಆರಿಸಿ ಪಕ್ಕಪಕ್ಕ ಇಟ್ಟಳು. ಉಳಿದವುಗಳಲ್ಲಿ ಹೆಚ್ಚು ಹೋಲುವ ಇನ್ನೆರಡು. ಆಮೇಲೆ ಆ ಜೋಡಿಗೆ ಈ ಜೋಡಿ ಹತ್ತಿರವೋ, ಇಲ್ಲ ಆ ಒಂಟಿ ಡಬ್ಬಿ ಹತ್ತಿರವೋ ಎಂದು ಅಳೆದಳು. ಹೀಗೆ ಸೇರಿಸುತ್ತಾ ಸೇರಿಸುತ್ತಾ ಮಧ್ಯಾಹ್ನದ ಹೊತ್ತಿಗೆ ಇಡೀ ಮನೆಯ ಡಬ್ಬಿಗಳೆಲ್ಲ ಒಂದೇ ಗುಂಪಾದವು. ಕಾಫಿಪುಡಿ ಎಲ್ಲಿ ಎಂದು ಕೇಳಿದೆ. ಗುಂಪಿನಲ್ಲಿದೆ ಅಂದಳು. ನನಗೆ ನಖಶಿಖಾಂತ ಉರಿಯಿತು. ಅವಳು ಮಾತ್ರ ನಗುತ್ತಾ, ಸೇರಿಸೋದು ಯಾರು ಬೇಕಾದರೂ ಮಾಡುತ್ತಾರೆ, ಎಲ್ಲಿ ನಿಲ್ಲಿಸಬೇಕು ಅನ್ನೋದೇ ವಿದ್ಯೆ, ನಾನು ಇನ್ನೂ ಕಲಿಯುತ್ತಾ ಇದೀನಿ ಅಂದಳು.

ಅವಳ ಉದ್ಯೋಗವೂ ಅದೇ, ಡಬ್ಬಿಗಳ ಬದಲು ಪ್ರೋಟೀನು. ಅವಳು ನನಗೆ ಹೇಳಿಕೊಟ್ಟಷ್ಟನ್ನು ನಾನು ಹೇಳುತ್ತೇನೆ. ನಮ್ಮ ಮೈಯೊಳಗೆ ಕೆಲಸ ಮಾಡುವುದೆಲ್ಲ ಹೆಚ್ಚುಕಡಿಮೆ ಪ್ರೋಟೀನುಗಳೇ. ಒಂದೊಂದೂ ಉದ್ದನೆಯ ಸರ, ಮಡಚಿ ಮುದುಡಿ ಉಂಡೆಯಾಗಿ ಕೂತಿರುತ್ತದೆ. ಉಂಡೆಯ ಹೊರಮೈ ನುಣುಪಾಗಿರುವುದಿಲ್ಲ. ದಿಣ್ಣೆಗಳು, ತಗ್ಗುಗಳು, ಗುಂಡಿಗಳು. ಔಷಧಿಯ ಕಣ ಹೋಗಿ ಕೂರುವುದು ಆ ಗುಂಡಿಗಳಲ್ಲಿ. ಒಂದೇ ಆಕಾರದ ಗುಂಡಿಗಳು ಯಾವ ಯಾವ ಪ್ರೋಟೀನಿನಲ್ಲಿ ಇವೆ ಎಂದು ಗೊತ್ತಾದರೆ, ಒಂದಕ್ಕೆ ಮಾಡಿದ ಔಷಧಿ ಇನ್ನೊಂದಕ್ಕೂ ಕೂರುತ್ತದೆಯೇ ಎಂದು ಮೊದಲೇ ಊಹಿಸಬಹುದು. ಅತ್ತಿಗೆಯ ಹತ್ತಿರ ಇಂಥ ನಾಲ್ಕು ಸಾವಿರ ಗುಂಡಿಗಳಿದ್ದವು, ಎಲ್ಲ ಕಂಪ್ಯೂಟರಿನಲ್ಲಿ. ಗುಂಡಿಯನ್ನು ಹೇಗೆ ತಿರುಗಿಸಿ ಹಿಡಿದರೂ ಬದಲಾಗದಂಥ ನೂರ ಇಪ್ಪತ್ತೊಂದು ಅಂಕಿಗಳನ್ನು ಒಂದೊಂದು ಗುಂಡಿಗೂ ಬರೆಸಿ, ಅಂಕಿಗೆ ಅಂಕಿ ಹೋಲಿಸಿ, ಹತ್ತಿರದವನ್ನು ಹತ್ತಿರ ಸೇರಿಸಿ, ಕೊನೆಗೆ ಅರವತ್ತಮೂರು ಗುಂಪುಗಳಲ್ಲಿ ನಿಲ್ಲಿಸಿದ್ದಳು. ಐದು ವರ್ಷದ ಕೆಲಸ ಅದು.

ಇನ್ನು ನಾನು. ನಾನು ಹಲ್ಲು ಮಾಡುತ್ತೇನೆ. ದಂತವೈದ್ಯರ ಕ್ಲಿನಿಕ್ಕಿನ ಹಿಂದುಗಡೆ ಒಂದು ಕೋಣೆ, ಅದರಲ್ಲಿ ಪ್ಲಾಸ್ಟರಿನ ದವಡೆಗಳು, ಮೇಣ, ಸಣ್ಣ ಒಲೆ, ಉಜ್ಜುವ ಚಕ್ರ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಹಲ್ಲಿನ ಸೆಟ್ಟು ಕಟ್ಟಿ ಕೊಡುತ್ತೇನೆ. ನಾವೂ ಅದನ್ನು ಲ್ಯಾಬು ಅನ್ನುತ್ತೇವೆ. ಯಾರಾದರೂ ನಮ್ಮ ಮನೆಗೆ ಬಂದು ಲ್ಯಾಬಿನಲ್ಲಿ ಕೆಲಸ ಮಾಡೋರು ಯಾರು ಎಂದರೆ ಇಬ್ಬರೂ ಕೈ ಎತ್ತುತ್ತಿದ್ದೆವು. ಆಮೇಲೆ ಬಂದವರು ಅತ್ತಿಗೆಯ ಕಡೆಗೇ ತಿರುಗಿ ಮಾತಾಡುತ್ತಿದ್ದರು. ನನಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ ಎಂದು ಬರೆದರೆ ಅದು ಸುಳ್ಳು.

ನಮ್ಮ ಮನೆಯಲ್ಲಿ ದೊಡ್ಡ ಮೇಜು ಇರುವುದು ಒಂದೇ. ಊಟ ಅದರ ಮೇಲೆ, ಉಳಿದ ಕೆಲಸವೂ ಅದರ ಮೇಲೆ. ಎರಡು ವರ್ಷದ ಹಿಂದೆ ನನ್ನ ಬಿಸಿ ಮೇಣ ಅವಳ ಕೀಬೋರ್ಡಿನ ಮೇಲೆ ಸೋರಿ ಮೂರು ಅಕ್ಷರಗಳು ಅಂಟಿಕೊಂಡುಬಿಟ್ಟವು. ಮಾರನೇ ದಿನ ಅತ್ತಿಗೆ ಮೇಜಿನ ನಡುವೆ ಉದ್ದಕ್ಕೂ ಕೆಂಪು ಟೇಪು ಅಂಟಿಸಿದಳು. ಆ ಕಡೆ ಪ್ರೋಟೀನು, ಈ ಕಡೆ ಹಲ್ಲು. ಅಂದಿನಿಂದ ನಾನು ಒಂದು ಬೆರಳನ್ನೂ ಆ ಕಡೆ ಇಟ್ಟವಳಲ್ಲ, ಅವಳು ಒಂದು ಪೆನ್ನನ್ನೂ ಈ ಕಡೆ ಉರುಳಿಸಿದವಳಲ್ಲ. ಗಡಿ ದಾಟುತ್ತಿದ್ದವನು ಒಬ್ಬನೇ, ನಮ್ಮಣ್ಣ, ತಟ್ಟೆ ಇಡಲು ಎಲ್ಲಿ ಜಾಗ ಕಂಡರೆ ಅಲ್ಲಿ.

ವಿಷಯಕ್ಕೆ ಬರುತ್ತೇನೆ. ಆ ತಿಂಗಳು ಅತ್ತಿಗೆಯ ಕೆಲಸದ ಅವಧಿ ಮುಗಿಯುವುದರಲ್ಲಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಐದು ಜನರ ಸಮಿತಿಯ ಮುಂದೆ ತನ್ನ ಗುಂಪುಗಳನ್ನು ತೋರಿಸಬೇಕು. ಅವರು ಒಪ್ಪಿದರೆ ಇನ್ನು ಮೂರು ವರ್ಷ. ಒಪ್ಪದಿದ್ದರೆ ತಿಂಗಳ ಕೊನೆಗೆ ಮೇಜು ಖಾಲಿ. ಅವಳ ಕೆಲಸಕ್ಕೆ ಬೇರೆ ಜಾಗ ಇರುವುದು ರೈಲಿನಲ್ಲಿ ಹತ್ತು ಗಂಟೆ ದೂರದ ಊರಿನಲ್ಲಿ. ಲಿಫ್ಟುಗಳು ಎಲ್ಲ ಊರಿನಲ್ಲೂ ಕೆಡುತ್ತವೆ, ಹಾಗಾಗಿ ಅಣ್ಣನೂ ಅವಳ ಜೊತೆ ಹೊರಡುತ್ತಾನೆ. ಈ ಮಾತು ಬಂದ ದಿನ ನಾನು ಏನೋ ಸಿಟ್ಟಿನಲ್ಲಿದ್ದೆ, ಹೋದರೆ ಹೋಗಿ, ಮೇಜು ಪೂರ್ತಿ ನನಗೇ ಸಿಗುತ್ತೆ ಅಂದುಬಿಟ್ಟೆ. ಅತ್ತಿಗೆ ಮುಖ ಸಣ್ಣಗೆ ಮಾಡಿಕೊಂಡು ಎದ್ದುಹೋದಳು. ಆಡಿದ ನಾಲಿಗೆಯನ್ನು ಕಿತ್ತು ಪ್ಲಾಸ್ಟರಿನಲ್ಲಿ ಹೂತುಬಿಡೋಣ ಅನ್ನಿಸಿತು, ಆದರೆ ಕ್ಷಮೆ ಕೇಳಲು ನನಗೆ ಬರುವುದಿಲ್ಲ.

ಸಮಿತಿಯ ಭಯಕ್ಕೆ ಕಾರಣ ಒಂಬತ್ತನೇ ಗುಂಪು. ಅದರಲ್ಲಿ ಮೂವತ್ತೆಂಟು ಗುಂಡಿಗಳು, ಅವಳ ಲೆಕ್ಕದಲ್ಲಿ ಅತಿ ಒಗ್ಗಟ್ಟಿನ ಗುಂಪು. ಅವರ ಕಟ್ಟಡದ ಕೆಳಮಹಡಿಯಲ್ಲಿ ನಿಜವಾದ ಪ್ರೋಟೀನು, ನಿಜವಾದ ಔಷಧಿ ಬೆರೆಸಿ ನೋಡುವವರೊಬ್ಬರಿದ್ದಾರೆ, ದಿನವಿಡೀ ಹನಿ ಎಣಿಸುವುದರಿಂದ ಎಲ್ಲರೂ ಅವರನ್ನು ಹನಿಮಾಸ್ತರು ಅನ್ನುತ್ತಾರೆ. ಅವರು ಒಂಬತ್ತನೇ ಗುಂಪಿನಿಂದ ಹತ್ತು ತೆಗೆದು ಪರೀಕ್ಷೆ ಮಾಡಿದರು. ಐದಕ್ಕೆ ಔಷಧಿ ಕೂತಿತು, ಐದಕ್ಕೆ ಕೂರಲಿಲ್ಲ. ಮತ್ತೆ ಮಾಡಿದರು, ಅದೇ ಐದು, ಅದೇ ಐದು. ಕಾಸು ಚಿಮ್ಮಿದರೂ ಇಷ್ಟೇ ಸರಿ ಬರುತ್ತಿತ್ತು, ಅದಕ್ಕೆ ಕಂಪ್ಯೂಟರ್ ಯಾಕೆ ಬೇಕಿತ್ತು ಎಂದು ಮೆಟ್ಟಿಲ ಮೇಲೆ ಎಲ್ಲರೆದುರು ಕೇಳಿದರಂತೆ. ಅತ್ತಿಗೆ ಅದನ್ನು ಊಟದ ಹೊತ್ತಿನಲ್ಲಿ ನಗುನಗುತ್ತಾ ಹೇಳಿದಳು, ಆದರೆ ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಇತ್ತು.

ಬುಧವಾರ ಸಂಜೆ ಅವಳು ಎರಡು ನೇರಳೆ ಬಣ್ಣದ ತುಂಡುಗಳನ್ನು ತಂದಳು, ಒಂದೊಂದೂ ನಿಂಬೆಹಣ್ಣಿನಷ್ಟು. ಒಂಬತ್ತನೇ ಗುಂಪಿನ ಎರಡು ಗುಂಡಿಗಳನ್ನು ಕೋಟಿಗಟ್ಟಲೆ ಪಟ್ಟು ದೊಡ್ಡದು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿಸಿದ್ದಳು. ಇಡೀ ನಾಲ್ಕು ಸಾವಿರದಲ್ಲಿ ಅತಿ ಹತ್ತಿರದ ಜೋಡಿಯಂತೆ, ಸಮಿತಿಯವರ ಕೈಗೆ ಕೊಟ್ಟರೆ ಅವರೇ ಮುಟ್ಟಿ ಒಪ್ಪಿಕೊಳ್ಳಲಿ ಅನ್ನುವ ಉಪಾಯ. ದಾರಿಯಲ್ಲಿ ಒಡೆಯಬಾರದು, ನಿಮ್ಮ ಲ್ಯಾಬಿನ ಹತ್ತಿ ಹಾಕಿದ ಡಬ್ಬಿ ಒಂದು ಕೊಡ್ತೀಯಾ ಎಂದು ಕೇಳಿ, ಟೇಪಿನ ಆ ಕಡೆಯಿಂದಲೇ ಎರಡನ್ನೂ ನನ್ನ ಕೈಗೆ ಹಾಕಿದಳು.

ನಾನು ಹತ್ತಿ ಸರಿಮಾಡುತ್ತಾ ಒಂದನ್ನು ಎಡಗಡೆ ಇಟ್ಟೆ, ಇನ್ನೊಂದನ್ನು ಬಲಗಡೆ ಇಟ್ಟೆ. ಯೋಚಿಸಿ ಇಟ್ಟದ್ದಲ್ಲ. ಹನ್ನೊಂದು ವರ್ಷದಿಂದ ದಿನಕ್ಕೆ ನೂರು ಸಲ ಹಲ್ಲು ಕೈಗೆ ಬರುತ್ತದೆ, ಬೆರಳು ಒಮ್ಮೆ ಸವರಿದರೆ ಸಾಕು, ಎಡದವಡೆಯದು ಎಡಕ್ಕೆ, ಬಲದವಡೆಯದು ಬಲಕ್ಕೆ ತಾನೇ ಹೋಗುತ್ತದೆ. ಅತ್ತಿಗೆ, ಅದಲು ಬದಲಾದರೂ ಪರವಾಗಿಲ್ಲ, ಎರಡೂ ಒಂದೇ ಅಂದಳು.

“ಒಂದೇ ಅಂತ ಯಾರು ಹೇಳಿದ್ದು? ಇದು ಎಡದ್ದು, ಇದು ಬಲದ್ದು,” ಅಂದೆ.

ಅವಳು ತಾಳ್ಮೆಯಿಂದ, ಮಗುವಿಗೆ ಹೇಳುವ ಹಾಗೆ, ಗುಂಡಿಗೆ ಎಡಬಲ ಇಲ್ಲ ಕಣೆ, ತಿರುಗಿಸಿ ನೋಡು, ಒಂದರ ಹಾಗೇ ಇನ್ನೊಂದು ಕಾಣುತ್ತೆ ಅಂದಳು. ತಾಳ್ಮೆಯಿಂದ ಮಾತಾಡುವವರನ್ನು ಕಂಡರೆ ನನಗೆ ಆಗುವುದೇ ಇಲ್ಲ. ತಿರುಗಿಸಿದೆ. ಬುಡಮೇಲು ಮಾಡಿದೆ. ಓರೆ ಮಾಡಿದೆ. ದಿಣ್ಣೆ ಸರಿಹೋದರೆ ತಗ್ಗು ಕೂರುವುದಿಲ್ಲ, ತಗ್ಗು ಕೂತರೆ ಬಾಯಿ ಆ ಕಡೆ ತಿರುಗಿರುತ್ತದೆ. ಕೊಡು ಇಲ್ಲಿ ಎಂದು ಅವಳೂ ತಿರುಗಿಸಿದಳು. ಹತ್ತು ನಿಮಿಷ ಇಬ್ಬರೂ ಒಂದೊಂದು ಹಿಡಿದುಕೊಂಡು, ಬಾಗಿಲಿಗೆ ಬೀಗದಕೈ ಸಿಗದವರ ಹಾಗೆ ಒದ್ದಾಡಿದೆವು. ಕಂಪ್ಯೂಟರಿನ ಪ್ರಕಾರ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಎಂದು ಅವಳು ಗೊಣಗಿದಳು. ನಿನ್ನ ಕಂಪ್ಯೂಟರ್ ಕೈಲಿ ಹಲ್ಲು ಕಟ್ಟಿಸಿಕೊಂಡವನು ಕೆನ್ನೆ ಅಗಿದುಕೊಂಡು ಸಾಯಬೇಕಷ್ಟೇ ಎಂದು ನಾನು ಹೇಳಿ, ಅವಳ ರಟ್ಟೆ ಹಿಡಿದು ಕೈತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯ ಮುಂದೆ ನಿಲ್ಲಿಸಿದೆ. ಒಂದನ್ನು ಕನ್ನಡಿಗೆ ತೋರಿಸು, ಇನ್ನೊಂದನ್ನು ಪಕ್ಕದಲ್ಲಿ ಹಿಡಿದುಕೋ.

ಹಿಡಿದಳು. ಅವಳ ಬಲಗೈಯಲ್ಲಿದ್ದದ್ದು ಎಂಥದ್ದೋ ಕನ್ನಡಿಯೊಳಗೆ ಎಡಗೈಯದು ಥೇಟ್ ಅಂಥದ್ದೇ.

ಅತ್ತಿಗೆ ಹಾಗೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಆಮೇಲೆ ನಿಧಾನವಾಗಿ ಹೇಳಿದಳು: ಅವಳ ನೂರ ಇಪ್ಪತ್ತೊಂದು ಅಂಕಿಗಳಿಗೆ ಕನ್ನಡಿಯ ಆಕಾರವೂ ಒಂದೇ, ನಿಜವಾದ ಆಕಾರವೂ ಒಂದೇ. ಅದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಆದರೆ ಜೀವ ಇರುವ ಕಡೆ ಪ್ರೋಟೀನಿನ ಸರಗಳೆಲ್ಲ ಒಂದೇ ಕೈಯವು, ಎಲ್ಲ ಎಡಚರೇ ಅನ್ನಿ. ಕನ್ನಡಿಯ ಪ್ರೋಟೀನು ಅಂತ ಲೋಕದಲ್ಲಿ ಸಿಗುವುದೇ ಇಲ್ಲ. ಸಿಗದ ವಸ್ತುವಿನ ಚಿಂತೆ ಯಾಕೆ ಎಂದು ಐದು ವರ್ಷದ ಹಿಂದೆ ಒಂದು ಸಾಲು ಬರೆದು ಮುಂದೆ ಹೋಗಿದ್ದಳು. ಇಡೀ ಪ್ರೋಟೀನಿಗೆ ಆ ಮಾತು ಸರಿ. ಆದರೆ ಅವಳು ಹೋಲಿಸುತ್ತಿದ್ದದ್ದು ಇಡೀ ಪ್ರೋಟೀನನ್ನಲ್ಲ, ಮೇಲಿನ ಒಂದು ಸಣ್ಣ ಗುಂಡಿಯನ್ನು. ಗುಂಡಿ ಹೇಗೆ ಬೇಕಾದರೂ ಬಾಗಬಹುದು, ಎಡಕ್ಕೂ ಬಾಗಬಹುದು, ಬಲಕ್ಕೂ ಬಾಗಬಹುದು. ಅಷ್ಟು ಓದಿದವರು ಮಾತ್ರ ಮಾಡಬಲ್ಲ ತಪ್ಪು ಅದು. ನಮ್ಮ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಯಾರಾದರೂ ಅಂಥದ್ದು ಮಾಡಿದರೆ ಮನೆಗೆ ಕಳಿಸುತ್ತಾರೆ. ಅದನ್ನೂ ಅವಳಿಗೆ ಹೇಳಿದೆ.

ಅವಳು ನನ್ನ ಮುಖ ನೋಡಿದಳು. ತುಟಿ ಅದುರಿತು, ಅಳುತ್ತಾಳೆ ಅಂದುಕೊಂಡೆ. ನಗಲು ಶುರುಮಾಡಿದಳು. ಅದು ಎಂಥ ನಗು ಅಂದರೆ, ನಾನೂ ಪಕ್ಕದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡೆ. ಅಣ್ಣ ಕೆಲಸದಿಂದ ಬಂದಾಗ ಹೆಂಡತಿ, ತಂಗಿ ಇಬ್ಬರೂ ಬೇಸಿನ್ನಿನ ಕೆಳಗೆ ಕೂತು, ನೇರಳೆ ತುಂಡುಗಳನ್ನು ಎತ್ತಿ ತೋರಿಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದೆವು. ಅವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

ವಿಷಯ ತಿಳಿದ ಮೇಲೆ ಅವನು ಮಾಡಿದ ಉಪದೇಶ ಸರಳವಾಗಿತ್ತು: ವರದಿ ಆಗಲೇ ಕೊಟ್ಟಾಗಿದೆ, ಅದರಲ್ಲಿ ಎಲ್ಲ ಚೆನ್ನಾಗಿಯೇ ಇದೆ, ಶುಕ್ರವಾರ ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗೂ ಗೊತ್ತಾಗಲ್ಲ. ಅತ್ತಿಗೆ ತಲೆಯಾಡಿಸಿದಳು, ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ. ಗುರುವಾರವೆಲ್ಲ ಕೂತು ಒಂಬತ್ತನೇ ಗುಂಪಿಗೆ ಮಾತ್ರ ಎಡಬಲ ನೋಡುವ ಹೊಸ ಲೆಕ್ಕ ಸೇರಿಸಿದಳು. ಮೂವತ್ತೆಂಟು ಹೋಗಿ ಇಪ್ಪತ್ತೊಂದು, ಹದಿನೇಳು ಆಯಿತು. ಹನಿಮಾಸ್ತರ ಪರೀಕ್ಷೆಯಲ್ಲಿ ಔಷಧಿ ಕೂತ ಐದೂ ಒಂದು ಕಡೆ, ಕೂರದ ಐದೂ ಇನ್ನೊಂದು ಕಡೆ. ಸಂಜೆ ನಾನು ಮನೆಗೆ ಬಂದಾಗ ಅತ್ತಿಗೆ ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿಬಿಟ್ಟಳು. ನನಗೆ ತಲೆ ಸುತ್ತಿ ಬಂತು, ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಅದು ಒಂದೇ ಗುಂಪು ಮಾತ್ರ. ಉಳಿದ ಅರವತ್ತೆರಡರಲ್ಲಿ ಎಷ್ಟು ಎಡಬಲ ಬೆರೆತಿದೆಯೋ ದೇವರಿಗೇ ಗೊತ್ತು. ಹೇಳಿದರೆ ಐದು ವರ್ಷದ ಕೆಲಸ ತಪ್ಪು ಎಂದು ತಾನೇ ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ಮೂರು ವರ್ಷ ಸಿಕ್ಕರೂ ಸಿಗಬಹುದು. ಏನು ಮಾಡುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಜಿನ ಮೇಲೆ ಎರಡು ಬಿಳಿ ಡಬ್ಬಿಗಳಿದ್ದವು, ಎರಡೂ ನಮ್ಮ ಲ್ಯಾಬಿನವು. ಟೇಪಿನ ಆ ಕಡೆಯದರಲ್ಲಿ ಅತ್ತಿಗೆಯ ನೇರಳೆ ಗುಂಡಿಗಳು. ಈ ಕಡೆಯದರಲ್ಲಿ ನಾನು ಹಿಂದಿನ ಸಂಜೆ ಮನೆಗೆ ತಂದು ಕೊನೆಯ ಉಜ್ಜು ಕೊಟ್ಟ ಒಂದು ಪೂರ್ತಿ ಸೆಟ್ಟು, ಒಬ್ಬ ನಿವೃತ್ತ ಹೆಡ್‌ಮಾಸ್ಟರದು. ಅವರು ಎರಡು ತಿಂಗಳಿಂದ ಬೊಚ್ಚುಬಾಯಲ್ಲಿ ಕಾಯುತ್ತಿದ್ದರು. ಅಣ್ಣ ತಿಂಡಿಯ ತಟ್ಟೆ ಇಡಲು ಎರಡೂ ಡಬ್ಬಿ ಎತ್ತಿದ, ತಿಂದ, ತಟ್ಟೆ ತೆಗೆದ, ಎರಡನ್ನೂ ವಾಪಸು ಇಟ್ಟ. ಮೇಲೆ ಕೆಳಗೆ ಬಿಟ್ಟರೆ ಅವನಿಗೆ ದಿಕ್ಕು ಗೊತ್ತಿಲ್ಲ ಎಂದು ಮೊದಲೇ ಬರೆದಿದ್ದೇನೆ.

ಹತ್ತೂವರೆಗೆ ಹೆಡ್‌ಮಾಸ್ಟರು ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಡಾಕ್ಟರು ನನ್ನನ್ನು ಕರೆದರು. ನಾನು ಹೆಮ್ಮೆಯಿಂದ ಡಬ್ಬಿ ಬಿಚ್ಚಿದೆ. ಹತ್ತಿಯ ಮೇಲೆ ಎರಡು ನೇರಳೆ ಉಂಡೆಗಳು. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ಇದನ್ನ ಚೀಪಬೇಕಾ, ನುಂಗಬೇಕಾ ಎಂದು ಕೇಳಿದರು.

ಅಂದರೆ ಹೆಡ್‌ಮಾಸ್ಟರ ಹಲ್ಲು ಸಮಿತಿಯ ಮುಂದೆ. ಏನು ಹೇಳಿದೆನೋ, ಹೇಗೆ ಹೇಳಿದೆನೋ ಗೊತ್ತಿಲ್ಲ. ಹೆಡ್‌ಮಾಸ್ಟರು ತಟ್ಟನೆ ಎದ್ದು, ಕತ್ತಿಗೆ ಕಟ್ಟಿದ್ದ ಬಟ್ಟೆ ಕಳಚಿ, ನನ್ನ ಹಲ್ಲು ಎಲ್ಲಿದೆಯೋ ಅಲ್ಲಿಗೆ ನಾನೂ ಬರ್ತೀನಿ, ಕಾರು ಇದೆ ಅಂದರು. ಕಾರೇನೋ ಇತ್ತು. ಆದರೆ ಅವರು ಓಡಿಸುವ ರೀತಿ ನೋಡಿದರೆ ಪಕ್ಕದಲ್ಲಿ ನಡೆದುಕೊಂಡು ಹೋಗುವವರು ನಮ್ಮನ್ನು ಕೈಬೀಸಿ ಬೀಳ್ಕೊಡುತ್ತಿದ್ದರು. ಖಾಲಿ ರಸ್ತೆಯಲ್ಲೂ ಅರ್ಧ ಫರ್ಲಾಂಗು ಮೊದಲೇ ಸಿಗ್ನಲ್ ದೀಪ ಹಾಕಿ, ಈಗ ಎಡಕ್ಕೆ, ಈಗ ಬಲಕ್ಕೆ ಎಂದು ನನಗೆ ತಿಳಿಸುತ್ತಾ ತಿರುಗಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕಾರಿನಲ್ಲಿ ಹಲ್ಲು ಇದ್ದವಳು ನಾನೊಬ್ಬಳೇ.

ಅತ್ತಿಗೆಯ ಕಟ್ಟಡ ತಲುಪಿದಾಗ ಹನ್ನೊಂದು ಇಪ್ಪತ್ತು. ಸಮಿತಿ ಏಳನೇ ಮಹಡಿಯಲ್ಲಿ. ಲಿಫ್ಟು ಕೆಟ್ಟು ನಿಂತಿತ್ತು. ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ, ರಿಪೇರಿಗೆ ಕರೆಯಿರಿ ಅನ್ನುವಲ್ಲಿ, ನಮ್ಮಣ್ಣನ ಫೋನ್ ನಂಬರೇ ಇತ್ತು. ಅವನಿಗೆ ಬೈಯಲೂ ಪುರುಸೊತ್ತಿಲ್ಲದೆ, ಹೆಡ್‌ಮಾಸ್ಟರನ್ನು ಕೆಳಗೆ ಬೆಂಚಿನ ಮೇಲೆ ಕೂರಿಸಿ, ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ. ಸಭೆಯ ಕೋಣೆಗೆ ಗಾಜಿನ ಬಾಗಿಲು. ಅದಕ್ಕೆ ಮೂಗು ಒತ್ತಿ ನಿಂತು ನೋಡಿದೆ.

ಅತ್ತಿಗೆ ಎಲ್ಲರ ಮುಂದೆ ನಿಂತಿದ್ದಾಳೆ. ಅವಳ ಅಂಗೈಯಲ್ಲಿ, ಬೆಳಕಿಗೆ ಹೊಳೆಯುತ್ತಾ, ಹೆಡ್‌ಮಾಸ್ಟರ ಮೇಲ್ದವಡೆ. ಡಬ್ಬಿ ಬಿಚ್ಚುವವರೆಗೂ ತಪ್ಪನ್ನು ಹೇಳಬೇಕೋ ಬೇಡವೋ ಎಂದು ನಿರ್ಧರಿಸಿರಲಿಲ್ಲ, ಹಲ್ಲು ಕಂಡ ಮೇಲೆ ಸುಳ್ಳು ಹೇಳಲು ಆಗಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು. ನಾನು ತಲುಪಿದ ಹೊತ್ತಿಗೆ ಅವಳ ದನಿ ಗಾಜಿನಾಚೆಗೂ ಕೇಳುತ್ತಿತ್ತು.

“ಎಲ್ಲರೂ ನಾಲಿಗೆಯಿಂದ ಮೇಲಿನ ಎಡಗಡೆ ಕೊನೇ ದವಡೆಹಲ್ಲು ಮುಟ್ಟಿ ನೋಡಿ. ಈಗ ಬಲಗಡೆಯದು ಮುಟ್ಟಿ. ಉಬ್ಬು ಅಷ್ಟೇ, ತಗ್ಗು ಅಷ್ಟೇ. ಎಡಗಡೆದನ್ನ ತಂದು ಬಲಗಡೆ ಕೂರಿಸಿದ್ರೆ ಕೂರುತ್ತಾ? ಕೂರಲ್ಲ. ಆದ್ರೆ ನನ್ನ ವಿಧಾನಕ್ಕೆ ಇವೆರಡೂ ಒಂದೇ. ನಾನು ನಿಮಗೆ ಕೊಟ್ಟ ವರದಿಯಲ್ಲಿರೋ ತಪ್ಪು ಅದು.”

ಆ ದೃಶ್ಯವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಐದು ಜನ ದೊಡ್ಡ ವಿದ್ವಾಂಸರು, ಕೋಟು ಹಾಕಿದವರು, ನರೆತವರು, ಸಾಲಾಗಿ ಕೂತು, ಗಂಭೀರವಾಗಿ, ಕೆನ್ನೆಯೊಳಗೆ ನಾಲಿಗೆ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಹೊರಳಿಸುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಹನಿಮಾಸ್ತರೂ ಹೊರಳಿಸುತ್ತಿದ್ದಾರೆ. ನನಗೆ ನಗು ತಡೆಯಲಾಗದೆ ಗಾಜಿನ ಮೇಲೆಲ್ಲ ಉಸಿರಿನ ಮಂಜು ಕವಿಯಿತು.

ನಡುವೆ ಕೂತಿದ್ದ ಅಧ್ಯಕ್ಷೆ, ಬಿಳಿ ಕೂದಲಿನ ಹೆಂಗಸು, ಇದನ್ನು ಕಂಡುಹಿಡಿದದ್ದು ಯಾರು ಎಂದು ಕೇಳಿದರು. ಅತ್ತಿಗೆ ಬಾಗಿಲ ಕಡೆ ನೋಡಿದಳು, ಗಾಜಿಗೆ ಚಪ್ಪಟೆಯಾಗಿದ್ದ ನನ್ನ ಮೂಗು ಕಂಡಳು.

“ನನ್ನ ನಾದಿನಿ. ಈ ಹಲ್ಲು ಅವಳೇ ಮಾಡಿದ್ದು. ಅಲ್ಲೇ ನಿಂತಿದ್ದಾಳೆ ನೋಡಿ.”

ಆರು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಲ್ಯಾಬಿನವರು ಯಾರು ಎಂದು ಕೇಳಿ ನನ್ನ ಕಡೆಗೆ ತಿರುಗಿದವರನ್ನು ನಾನು ಅವತ್ತೇ ಮೊದಲು ಕಂಡದ್ದು. ಒಳಗೆ ಹೋಗಿ ನೇರಳೆ ಗುಂಡಿಗಳನ್ನು ಅಧ್ಯಕ್ಷೆಯ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಎರಡನ್ನೂ ಸವರಿದರು. ಕೊನೆಗೆ ಒಂದನ್ನು ಎಡಗಡೆ ಇಟ್ಟರು, ಇನ್ನೊಂದನ್ನು ಬಲಗಡೆ. ಸರಿಯಾಗಿಯೇ ಇಟ್ಟಿದ್ದರು.

ಉಳಿದ ಗುಂಪುಗಳ ಕಥೆ ಏನು ಎಂದು ಅವರು ಕೇಳಿದರು. ಗೊತ್ತಿಲ್ಲ, ನಾಲ್ಕು ಸಾವಿರವನ್ನೂ ಮೊದಲಿಂದ ನೋಡಬೇಕು ಎಂದು ಅತ್ತಿಗೆ ಹೇಳಿದಳು. ಎಷ್ಟು ಕಾಲ ಬೇಕು?

“ಕಂಪ್ಯೂಟರಿಗೆ ಒಂದು ವಾರ ಸಾಕು,” ಅಂದಳು. “ಅದು ಹೇಳಿದ್ದು ನಿಜಾನಾ ಅಂತ ಕೆಳಗಡೆ ಪರೀಕ್ಷೆ ಮಾಡಿ ನೋಡೋಕೆ ಮೂರು ವರ್ಷ.”

ಹಿಂದಿನಿಂದ ಹನಿಮಾಸ್ತರು ಎದ್ದು ನಿಂತರು.

“ಮೂರು ಸಾಲಲ್ಲ,” ಅಂದರು. “ಆದ್ರೆ ಈ ಸಲ ನಾನು ಮನಸ್ಸಿಟ್ಟು ಮಾಡ್ತೀನಿ.”

ನಮ್ಮನ್ನು ಹೊರಗೆ ಕಳಿಸಿದರು. ಇಪ್ಪತ್ತು ನಿಮಿಷ ಮೆಟ್ಟಿಲ ಮೇಲೆ ಕೂತೆವು, ಅವಳ ತೊಡೆಯ ಮೇಲೆ ಹಲ್ಲಿನ ಡಬ್ಬಿ. ನಾನು ಅವಳ ಮುಖ ನೋಡದೆ, ಮೇಜಿನ ಮಾತು ನಾನು ಸಿಟ್ಟಲ್ಲಿ ಆಡಿದ್ದು ಅಂದೆ. ಗೊತ್ತು ಅಂದಳು. ನೀನು ಹೋದರೆ ನಾನು ಯಾರ ಜೊತೆ ಜಗಳ ಆಡಲಿ ಅಂದೆ. ಅವಳು ನನ್ನ ಭುಜಕ್ಕೆ ತಲೆ ಆನಿಸಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಧ್ಯಕ್ಷೆಯೇ ಬಂದು ಅವಳ ಕೈ ಕುಲುಕಿ, ಮೂರು ವರ್ಷ ಅಂದರು, ಮುಂದಿನ ವರದಿಯಲ್ಲಿ ಹಲ್ಲಿನ ಚಿತ್ರ ಹಾಕಿ ಎಂದೂ ಸೇರಿಸಿದರು. ಅವರು ಹೋಗುವುದೇ ತಡ, ಅತ್ತಿಗೆ ಇಡೀ ಒಂದು ಮಹಡಿ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದಳು. ನಾನು ಡಬ್ಬಿ, ಡಬ್ಬಿ ಎಂದು ಕೂಗಿಕೊಂಡು ಹಿಂದೆಯೇ ಓಡಿದೆ. ನಡುವೆ ಅಣ್ಣನ ಫೋನು ಬಂತು.

“ಏನಾಯ್ತು? ಮೇಲಾ, ಕೆಳಗಾ?” ಎಂದು ಕೇಳಿದ.

“ಮೇಲೆ ಕಣೋ, ಮೇಲೆ,” ಅಂದೆ. ಆ ಕಡೆ ಅವನು ಅಳುತ್ತಿದ್ದ ಸದ್ದು ಕೇಳಿತು. ಇಲ್ಲ ಎಂದು ಅವನು ಇವತ್ತಿಗೂ ವಾದಿಸುತ್ತಾನೆ.

ಕ್ಲಿನಿಕ್ಕಿಗೆ ವಾಪಸು ಹೋಗಿ ಹಲ್ಲನ್ನು ಮೂರು ಸಲ ತೊಳೆದು, ಔಷಧಿಯಲ್ಲಿ ಅದ್ದಿ, ಹೆಡ್‌ಮಾಸ್ಟರ ಬಾಯಿಗೆ ಕೂರಿಸಿದೆವು. ಎಡಬಲ ಎರಡೂ ಒಂದೇ ಸಲಕ್ಕೆ ಕೂತವು. ಅವರು ಕನ್ನಡಿ ನೋಡಿಕೊಂಡು, ಕಟಕಟ ಅಗಿದು, ನಲವತ್ತು ವರ್ಷ ಪಾಠ ಮಾಡಿದೆ, ಕೊನೆಗೆ ನನ್ನ ಹಲ್ಲು ನನ್ನ ಬಿಟ್ಟು ತಾನೇ ಹೋಗಿ ಪಾಠ ಮಾಡಿ ಬಂತು ಅಂದರು. ಅದನ್ನು ಹೇಳಿಕೊಂಡೇ ಆ ವಾರವೆಲ್ಲ ತಿರುಗಿದರಂತೆ.

ಆ ಸಂಜೆ ನಾನು ಮನೆಗೆ ಬಂದಾಗ ಅತ್ತಿಗೆ ಮೇಜಿನ ಪಕ್ಕ ಬಗ್ಗಿ ನಿಂತು, ಉಗುರಿನಿಂದ ಕೆಂಪು ಟೇಪು ಕೀಳುತ್ತಿದ್ದಳು. ಎರಡು ವರ್ಷದ ಅಂಟು, ಸುಲಭಕ್ಕೆ ಬರುತ್ತಿರಲಿಲ್ಲ. ನಾನು ಮೇಣ ಕೆರೆಯುವ ಚಾಕು ತಂದು ಇನ್ನೊಂದು ತುದಿಯಿಂದ ಶುರುಮಾಡಿದೆ. ನಡುವೆ ಸಿಕ್ಕಿದೆವು. ಆಮೇಲೆ ಅವಳು, ನನ್ನ ಬೆರಳಿಗೂ ಕಲಿಸು, ಇನ್ನು ಮೇಲೆ ಒಂದೊಂದು ಗುಂಪನ್ನೂ ಕೈಯಲ್ಲಿ ಮುಟ್ಟಿ ನೋಡದೆ ನಾನು ಯಾರಿಗೂ ಕೊಡಲ್ಲ ಎಂದು ಹೇಳಿ ನನ್ನ ಕಡೆಯ ಕುರ್ಚಿಯಲ್ಲೇ ಕೂತಳು. ನಾನು ಹಲ್ಲಿನ ತಟ್ಟೆ ಮುಂದಿಟ್ಟೆ. ಕಣ್ಣು ಗಟ್ಟಿಯಾಗಿ ಮುಚ್ಚಿ, ನಾಲಿಗೆ ತುದಿ ಹೊರಗಿಟ್ಟುಕೊಂಡು, ಒಂದು ದವಡೆಹಲ್ಲು ತೆಗೆದು ಬೆರಳಲ್ಲಿ ಹೊರಳಿಸಿದಳು, ಮತ್ತೆ ಹೊರಳಿಸಿದಳು, ಎಡದ್ದು ಎಂದು ಬಹಳ ಖಚಿತವಾಗಿ ಹೇಳಿದಳು.

ಬಲದ್ದಾಗಿತ್ತು. ಮುಖ ನೋಡಿದರೆ ಅಷ್ಟು ಖುಷಿಯಾಗಿದ್ದಳು, ಅವತ್ತು ಮಾತ್ರ ನನಗೆ ಕೋಪ ಬರಲಿಲ್ಲ. ಇನ್ನೊಂದು ತಗೋ ಅಂದೆ. ಮೂರು ವರ್ಷ ಇದೆಯಲ್ಲ, ಕಲಿತುಕೊಳ್ಳುತ್ತಾಳೆ.